ಡರ್ಟ್ ಬೈಕನ್ನು ಹಿಮಕ್ಕೆ ಇಳಿಸುವ ಮುನ್ನ

ಹಿಮದ ಮೇಲೆ ಓಡುವ ಬೈಕನ್ನು, ಅಂದರೆ ಸ್ನೋ ಬೈಕನ್ನು, ನೋಡಿದವರು ಮೊದಲು ಕೇಳುವುದು, ಚಕ್ರಗಳ ಬದಲು ಸ್ಕೀ ಮತ್ತು ಟ್ರ್ಯಾಕ್ ಹಾಕುವ ಕಿಟ್ ಕೂರಿಸಲು ಎಷ್ಟು ಹೊತ್ತು ಬೇಕು ಅಂತ. ಮೊದಲ ಸಲ ಇಡೀ ಒಂದು ದಿನ ಇಟ್ಟುಕೊಳ್ಳಿ. ಕೈ ಪಳಗಿದ ಮೇಲೆ ಕೆಲವು ಗಂಟೆಗಳ ಕೆಲಸ. ಆದರೆ ಕಿಟ್ ಕೂತ ಮಾತ್ರಕ್ಕೆ ಗಾಡಿ ಬೆಟ್ಟ ಹತ್ತಲು ತಯಾರಾಗುವುದಿಲ್ಲ. ಅದು ಬೇಸಿಗೆಯ ಧೂಳಿಗೆ, ಕೆಸರಿಗೆ ಅಂತ ಕಟ್ಟಿದ ಇಂಜಿನ್. ಬಿಸಿಯನ್ನು ಆದಷ್ಟು ಬೇಗ ಹೊರಗೆ ಹಾಕುವ ಹಾಗೆ ಅದನ್ನು ಮಾಡಿರುತ್ತಾರೆ. ಹಿಮದಲ್ಲಿ ನಮಗೆ ಬೇಕಾಗಿರುವುದು ಇದರ ಉಲ್ಟಾ. ಆ ಬಿಸಿಯನ್ನು ಹಿಡಿದಿಟ್ಟುಕೊಳ್ಳಬೇಕು. ಇಂಜಿನ್ನಿಗೆ ಉಸಿರು ಕಟ್ಟದ ಹಾಗೆ ನೋಡಿಕೊಳ್ಳಬೇಕು. ಪವರ್ ಮಾತು ಆಮೇಲೆ.

ಎಷ್ಟೋ ಜನ ಈ ಕ್ರಮವನ್ನು ತಿರುಗಿಸಿಬಿಡುತ್ತಾರೆ. ಮೊದಲು ಸೈಲೆನ್ಸರ್ ಬದಲಾಯಿಸುತ್ತಾರೆ, ದೊಡ್ಡ ಪಿಸ್ಟನ್ ಹಾಕಿಸುತ್ತಾರೆ, ಟರ್ಬೊ ಬಗ್ಗೆ ವಿಚಾರಿಸುತ್ತಾರೆ. ಇಂಜಿನ್ನಿನ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಮಾತ್ರ ಇರುವುದಿಲ್ಲ. ಹಾಗಾಗಿ ಇವತ್ತು ನನ್ನ ಮಾತಿನ ದೊಡ್ಡ ಪಾಲು ಬಿಸಿ ಮತ್ತು ಉಸಿರಿನ ಬಗ್ಗೆಯೇ ಇರುತ್ತದೆ.

ಮೊದಲು ಕಿಟ್ ಅಂದರೆ ಏನು ಅಂತ ಚುಟುಕಾಗಿ ಹೇಳುತ್ತೇನೆ. ಮುಂದಿನ ಚಕ್ರ ಹೋಗುತ್ತದೆ, ಆ ಜಾಗಕ್ಕೆ ಫೋರ್ಕಿನ ತುದಿಯಲ್ಲಿ ಒಂದೇ ಒಂದು ಸ್ಕೀ ಬರುತ್ತದೆ. ಹಿಂದಿನ ಚಕ್ರ, ಸ್ವಿಂಗ್‌ಆರ್ಮ್, ಶಾಕ್ ಮೂರೂ ಹೊರಗೆ ಬರುತ್ತವೆ. ಸ್ವಿಂಗ್‌ಆರ್ಮ್ ಬೋಲ್ಟ್ ಇದ್ದ ಜಾಗದಲ್ಲೇ ಟ್ರ್ಯಾಕಿನ, ಅಂದರೆ ಸುತ್ತುತ್ತಾ ಗಾಡಿಯನ್ನು ಮುಂದೆ ತಳ್ಳುವ ರಬ್ಬರ್ ಪಟ್ಟಿಯ, ಇಡೀ ಚೌಕಟ್ಟು ಕೂರುತ್ತದೆ. ಶಾಕ್ ಇದ್ದ ಕಡೆ ಒಂದು ಸ್ಟ್ರಟ್ ಬರುತ್ತದೆ. ಅದು ಕೆಲವು ಕಿಟ್‌ಗಳಲ್ಲಿ ಬರೀ ಲೋಹದ ರಾಡು, ಕೆಲವದರಲ್ಲಿ ಅದಕ್ಕೂ ಸಸ್ಪೆನ್ಷನ್ ಇರುತ್ತದೆ. ಇಂಜಿನ್ನಿನ ಸ್ಪ್ರಾಕೆಟ್‌ನಿಂದ ಹೊರಟ ಚೈನು ಕಿಟ್ ಒಳಗಿನ ಒಂದು ಶಾಫ್ಟನ್ನು ತಿರುಗಿಸುತ್ತದೆ, ಅಲ್ಲಿಂದ ಟ್ರ್ಯಾಕ್ ತಿರುಗುತ್ತದೆ. ನಿಮ್ಮ ಬೈಕಿನ ಮಾದರಿಗೆ ತಕ್ಕ ಫಿಟ್ ಕಿಟ್ ಅಂತ ಬೇರೆ ಸಿಗುತ್ತದೆ. ಬುಷ್, ಸ್ಪೇಸರ್, ಆಕ್ಸಲ್ ಎಲ್ಲ ಅದರಲ್ಲಿರುತ್ತವೆ. ಬೈಕ್ ಬದಲಾಯಿಸಿದರೆ ಈ ಚಿಕ್ಕ ಭಾಗ ಬದಲಾಯಿಸಿದರೆ ಸಾಕು, ದೊಡ್ಡ ಕಿಟ್ ಅದೇ ಇರುತ್ತದೆ.

ಈ ಆಟ ಇಷ್ಟು ಬೆಳೆದದ್ದು ಇತ್ತೀಚೆಗೆ. ಅಮೆರಿಕದ ಐಡಾಹೊ ರಾಜ್ಯದ ಸ್ಯಾಂಡ್‌ಪಾಯಿಂಟ್‌ನಲ್ಲಿ ಆಲನ್ ಮ್ಯಾಂಗಮ್ ಕಟ್ಟಿದ ಟಿಂಬರ್‌ಸ್ಲೆಡ್ ಕಂಪನಿ ಇದನ್ನು ಎಲ್ಲರಿಗೂ ಕೈಗೆಟುಕುವ ಕಿಟ್ ಮಾಡಿತು. 2015ರಲ್ಲಿ ಸ್ನೋಮೊಬೈಲ್ ತಯಾರಿಸುವ ಪೊಲಾರಿಸ್ ಆ ಕಂಪನಿಯನ್ನು ಕೊಂಡುಕೊಂಡಿತು. 2017ರ ಜನವರಿಯಲ್ಲಿ ಆಸ್ಪೆನ್‌ನಲ್ಲಿ ನಡೆದ ಸಾಹಸ ಕ್ರೀಡೆಗಳ ಕೂಟ ಎಕ್ಸ್ ಗೇಮ್ಸ್‌ನಲ್ಲಿ ಸ್ನೋ ಬೈಕ್ ರೇಸ್ ಮೊದಲ ಸಲ ಬಂತು, ಕೆನಡಾದ ಬ್ರಾಕ್ ಹೋಯರ್ ಚಿನ್ನ ಗೆದ್ದರು. ಆರ್ಕ್ಟಿಕ್ ಕ್ಯಾಟ್ ಕಂಪನಿ 2018ರ ಮಾದರಿಯಾಗಿ ಎಸ್‌ವಿಎಕ್ಸ್ 450 ಅಂತ ಕಾರ್ಖಾನೆಯಲ್ಲೇ ಕಟ್ಟಿದ ಸ್ನೋ ಬೈಕನ್ನೂ ತಂದಿತು. ಆದರೂ ಇವತ್ತಿಗೂ ಜಾಸ್ತಿ ಜನ ಓಡಿಸುವುದು ಡರ್ಟ್ ಬೈಕಿಗೆ ಕಿಟ್ ಹಾಕಿದ ಗಾಡಿಯನ್ನೇ.

ಸ್ನೋಮೊಬೈಲ್ ಇರುವಾಗ ಇದೇಕೆ ಅಂತ ಕೇಳಬಹುದು. ಸ್ನೋಮೊಬೈಲಿನ ಟ್ರ್ಯಾಕ್ 15-16 ಇಂಚು ಅಗಲ, ಮುಂದೆ ಎರಡು ಸ್ಕೀ. ಸ್ನೋ ಬೈಕಿನ ಟ್ರ್ಯಾಕ್ ಸುಮಾರು 11ರಿಂದ 12 ಇಂಚು. ಅದು ಬೈಕಿನ ಹಾಗೆಯೇ ಪಕ್ಕಕ್ಕೆ ವಾಲುತ್ತದೆ. ಕಡಿದಾದ ಇಳಿಜಾರನ್ನು ಅಡ್ಡಲಾಗಿ ದಾಟುವಾಗ ಸ್ನೋಮೊಬೈಲ್ ಓಡಿಸುವವರು ಇಡೀ ಮೈಭಾರ ಹಾಕಿ ಗಾಡಿಯನ್ನು ಬೆಟ್ಟದ ಕಡೆಗೆ ಎಳೆದು ಹಿಡಿಯಬೇಕು. ಸ್ನೋ ಬೈಕಿನಲ್ಲಿ ಸುಮ್ನೆ ಬೆಟ್ಟದ ಕಡೆ ವಾಲಿದರೆ ಟ್ರ್ಯಾಕಿನ ಅಂಚು ಹಿಮವನ್ನು ಕಚ್ಚಿಕೊಳ್ಳುತ್ತದೆ. ಒತ್ತಾಗಿ ಬೆಳೆದ ಮರಗಳ ನಡುವೆಯೂ ನುಗ್ಗಿ ಹೋಗಬಹುದು. ಇದಕ್ಕೇ ಜನ ಮರುಳಾಗುವುದು.

ಈಗ ಬೈಕ್ ಆಯ್ಕೆ. 450 ಸಿಸಿಯ ಫೋರ್ ಸ್ಟ್ರೋಕ್ ಎಲ್ಲರ ಮೆಚ್ಚಿನದು, 500 ಸಿಸಿ ಆದರೆ ಇನ್ನೂ ಒಳ್ಳೆಯದು. 250 ಫೋರ್ ಸ್ಟ್ರೋಕ್ ಗಟ್ಟಿ ಹಿಮದಲ್ಲಿ ಚೆನ್ನಾಗಿ ಓಡುತ್ತದೆ, ಎತ್ತರದ ಬೆಟ್ಟದ ಪುಡಿ ಹಿಮದಲ್ಲಿ ಏದುಸಿರು ಬಿಡುತ್ತದೆ. 300 ಟೂ ಸ್ಟ್ರೋಕ್ ಹಗುರ, ಅದಕ್ಕೂ ಅಭಿಮಾನಿಗಳಿದ್ದಾರೆ. ಟ್ರ್ಯಾಕ್ ತಿರುಗಿಸಲು ಚಕ್ರ ತಿರುಗಿಸುವುದಕ್ಕಿಂತ ಎಷ್ಟೋ ಜಾಸ್ತಿ ಶಕ್ತಿ ಬೇಕು. ಮಣ್ಣಿನಲ್ಲಿ ಪೂರ್ತಿ ಥ್ರಾಟಲ್ ಕೊಡುವುದು ಕೆಲವೇ ಸೆಕೆಂಡು. ಹಿಮದಲ್ಲಿ ನಿಮಿಷಗಟ್ಟಲೆ ಕೊಟ್ಟೇ ಇರುತ್ತೀರಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಸೆಲ್ಫ್ ಸ್ಟಾರ್ಟ್ ಇರಲೇಬೇಕು. ಸೊಂಟದ ಮಟ್ಟದ ಹಿಮ, ಬೈಕ್ ಅರ್ಧ ಮಲಗಿದೆ, ಕಾಲೂರಲು ಗಟ್ಟಿ ನೆಲವೇ ಇಲ್ಲ. ಅಲ್ಲಿ ಕಿಕ್ ಹೊಡೆಯುವುದು ಹೇಗೆ? ಬರೀ ಕಿಕ್ ಇರುವ ಗಾಡಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಈ ಕೆಲಸಕ್ಕೆ ತೆಗೆದುಕೊಳ್ಳಬೇಡಿ.

ಸೆಲ್ಫ್ ಅಂದ ಮೇಲೆ ಬ್ಯಾಟರಿಯ ಮಾತು ಬರುತ್ತದೆ. ಹೊಸ ಬೈಕುಗಳಲ್ಲಿ ಹಗುರವಾದ ಲಿಥಿಯಂ ಬ್ಯಾಟರಿ ಇರುತ್ತದೆ. ಚಳಿಯಲ್ಲಿ ಅದು ಮಂಕಾಗುತ್ತದೆ. ಮೊದಲ ಸಲ ಬಟನ್ ಒತ್ತಿದಾಗ ಕಟ್ ಅಂತ ಸದ್ದು ಮಾಡಿ ಸುಮ್ಮನಾದರೆ ಬ್ಯಾಟರಿ ಸತ್ತಿದೆ ಅಂದುಕೊಳ್ಳಬೇಡಿ. ಲೈಟ್ ಇದ್ದರೆ ಸ್ವಲ್ಪ ಹೊತ್ತು ಹಚ್ಚಿಡಿ. ಕರೆಂಟ್ ಹರಿದರೆ ಬ್ಯಾಟರಿ ಒಳಗಿನಿಂದ ಬೆಚ್ಚಗಾಗುತ್ತದೆ, ಎರಡನೆಯ ಅಥವಾ ಮೂರನೆಯ ಸಲಕ್ಕೆ ಇಂಜಿನ್ ತಿರುಗುತ್ತದೆ.

ಈಗ ಬಿಸಿಯ ವಿಷಯಕ್ಕೆ ಬರೋಣ. ಹೆಚ್ಚಿನ ಮೋಟೊಕ್ರಾಸ್ ಬೈಕುಗಳಲ್ಲಿ ಥರ್ಮೋಸ್ಟಾಟ್ ಇರುವುದೇ ಇಲ್ಲ. ಇಂಜಿನ್ ತಿರುಗಿದ ಕ್ಷಣದಿಂದ ಕೂಲೆಂಟ್, ಅಂದರೆ ಇಂಜಿನ್ ತಂಪು ಮಾಡುವ ದ್ರವ, ಎರಡೂ ರೇಡಿಯೇಟರ್‌ಗಳಲ್ಲಿ ಸುತ್ತುತ್ತಿರುತ್ತದೆ. ಬೇಸಿಗೆಯಲ್ಲಿ ಅದು ಸರಿ. ಹೊರಗೆ ಮೈನಸ್ 15 ಡಿಗ್ರಿ ಇದ್ದು, ರೇಡಿಯೇಟರ್ ಮೇಲೆ ಪುಡಿ ಹಿಮ ಎರಚುತ್ತಿದ್ದರೆ ಏನಾಗುತ್ತದೆ? ಇಂಜಿನ್ ಯಾವತ್ತೂ ಬಿಸಿಯೇ ಆಗುವುದಿಲ್ಲ. ಫ್ಯೂಯೆಲ್ ಇಂಜೆಕ್ಷನ್ನಿನ ಕಂಪ್ಯೂಟರ್ ಸೆನ್ಸರ್ ನೋಡಿ, ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಜಾಸ್ತಿ ಸುರಿಯುತ್ತಲೇ ಇರುತ್ತದೆ. ಪ್ಲಗ್ ಕಪ್ಪಾಗುತ್ತದೆ. ಉರಿಯದೆ ಉಳಿದ ಪೆಟ್ರೋಲು ಪಿಸ್ಟನ್ ಪಕ್ಕದಿಂದ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಒಳಗಿನ ಹಬೆ ನೀರಾಗಿ ಅದೂ ಆಯಿಲ್‌ಗೇ ಸೇರುತ್ತದೆ. ಬಿಸಿ ಇಂಜಿನ್ನಿನಲ್ಲಾದರೆ ಇವೆರಡೂ ಆವಿಯಾಗಿ ಬ್ರೀದರ್ ಪೈಪಿನಿಂದ ಹೊರಟು ಹೋಗುತ್ತಿದ್ದವು. ತಣ್ಣನೆಯ ಇಂಜಿನ್ನಿನಲ್ಲಿ ಹೋಗಲು ದಾರಿಯೇ ಇಲ್ಲ. ಸಂಜೆ ಆಯಿಲ್ ಕಿಂಡಿಯ ಗಾಜಿನಲ್ಲಿ ನೋಡಿದರೆ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ. ಹೆಡ್ ಗ್ಯಾಸ್ಕೆಟ್ ಹೋಯಿತು ಅಂತ ಗಾಬರಿಯಾಗುವವರಿದ್ದಾರೆ. ಗ್ಯಾಸ್ಕೆಟ್ ಬಿಚ್ಚುವ ಮೊದಲು ಇಂಜಿನ್ ದಿನವಿಡೀ ಎಷ್ಟು ಡಿಗ್ರಿಯಲ್ಲಿ ಓಡಿತು ಅಂತ ನೋಡಿ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಬೆಟ್ಟದ ಬುಡದಲ್ಲಿ ನಿಂತಿದ್ದೀರಿ, ಇಂಜಿನ್ ಐಡಲ್‌ನಲ್ಲಿದೆ. ಪಂಪ್ ನಿಧಾನ, ರೇಡಿಯೇಟರಿನಲ್ಲಿರುವ ಕೂಲೆಂಟ್ ಚಳಿಗೆ ಕೊರೆಯುವಷ್ಟು ತಣ್ಣಗಾಗಿದೆ. ತಟ್ಟನೆ ಫುಲ್ ಥ್ರಾಟಲ್ ಕೊಟ್ಟು ಹತ್ತಲು ಶುರುಮಾಡುತ್ತೀರಿ. ಪಿಸ್ಟನ್ ಬೇಗ ಕಾದು ಹಿಗ್ಗುತ್ತದೆ. ಅದೇ ಹೊತ್ತಿಗೆ ಸಿಲಿಂಡರ್ ಸುತ್ತ ತಣ್ಣನೆಯ ಕೂಲೆಂಟ್ ನುಗ್ಗುತ್ತದೆ, ಸಿಲಿಂಡರ್ ಹಿಗ್ಗುವುದಿಲ್ಲ. ನಡುವಿನ ಸಂದು ಮಾಯವಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಇಂಜಿನ್ ಬಿಸಿಯಾಗಿ ಸೀಜ್ ಆಗುವುದನ್ನು ಎಲ್ಲರೂ ಕೇಳಿರುತ್ತೀರಿ. ಇದು ತಣ್ಣಗಾಗಿ ಸೀಜ್ ಆಗುವುದು. ಟೂ ಸ್ಟ್ರೋಕ್‌ಗಳಿಗಂತೂ ಇದರ ಭಯ ಜಾಸ್ತಿ.

ಪರಿಹಾರ ಥರ್ಮೋಸ್ಟಾಟ್. ಇಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಹೋಸಿನ ನಡುವೆ ಇದನ್ನು ಕೂರಿಸುತ್ತಾರೆ. ಜೊತೆಗೆ ಬೈಪಾಸ್ ದಾರಿ ಇರಲೇಬೇಕು, ಇದನ್ನು ಮರೆಯಬೇಡಿ. ಥರ್ಮೋಸ್ಟಾಟ್ ಮುಚ್ಚಿದ್ದಾಗ ಕೂಲೆಂಟ್ ಇಂಜಿನ್ ಒಳಗೇ ಸುತ್ತುತ್ತಿರಬೇಕು. ಬೈಪಾಸ್ ಇಲ್ಲದಿದ್ದರೆ ಕೂಲೆಂಟ್ ನಿಂತುಬಿಡುತ್ತದೆ, ಒಂದು ಕಡೆ ಕುದಿಯುತ್ತದೆ, ಸೆನ್ಸರಿಗೆ ಗೊತ್ತೇ ಆಗುವುದಿಲ್ಲ. ಬೈಪಾಸ್ ಸಮೇತ ತಯಾರಾಗಿ ಬರುವ ಕಿಟ್‌ಗಳು ಸಿಗುತ್ತವೆ, ಅದನ್ನೇ ಹಾಕಿ. ರೇಡಿಯೇಟರ್ ಮುಂದೆ ಕವರ್ ಕೂಡ ಹಾಕಿ, ಆದರೆ ಕವರನ್ನೇ ಥರ್ಮೋಸ್ಟಾಟ್ ಅಂದುಕೊಳ್ಳಬೇಡಿ. ಕವರಿಗೆ ತೆರೆಯುವುದು, ಮುಚ್ಚುವುದು ಗೊತ್ತಿಲ್ಲ. ಬಿಸಿಲು ಬಂದ ಮಧ್ಯಾಹ್ನ, ಹಿಮ ಒದ್ದೆಯಾಗಿ ಭಾರವಾದಾಗ, ಅದೇ ಕವರ್ ಇಂಜಿನ್ನನ್ನು ಕುದಿಸಿಬಿಡಬಹುದು.

ಹ್ಯಾಂಡಲ್ ಮೇಲೆ ಒಂದು ಚಿಕ್ಕ ಟೆಂಪರೇಚರ್ ಮೀಟರ್ ಹಾಕಿಕೊಳ್ಳಿ. ಅಷ್ಟು ಕಡಿಮೆ ದುಡ್ಡಿಗೆ ಇಷ್ಟು ಉಪಯೋಗಕ್ಕೆ ಬರುವ ಸಾಮಾನು ಇನ್ನೊಂದಿಲ್ಲ. ಕೂಲೆಂಟ್ 70 ಡಿಗ್ರಿ ಆಸುಪಾಸಿಗೆ ಬರುವವರೆಗೆ ಫುಲ್ ಥ್ರಾಟಲ್ ಮುಟ್ಟಬೇಡಿ. ಗುಂಪಿನಲ್ಲಿದ್ದಾಗ ಇದು ಕಷ್ಟ, ಎಲ್ಲರೂ ಹೊರಟಿರುತ್ತಾರೆ. ಆದರೂ ಕಾಯಿರಿ.

ಕೂಲೆಂಟ್ ಬಗ್ಗೆ ಒಂದು ಮಾತು. ರೇಸ್ ಓಡಿಸುವ ಕೆಲವರು ಬೇಸಿಗೆಯಲ್ಲಿ ರೇಡಿಯೇಟರಿಗೆ ಬರೀ ನೀರು ಹಾಕಿರುತ್ತಾರೆ. ಹಳೆ ಬೈಕ್ ಕೊಂಡಿದ್ದರೆ ಮೊದಲು ಅದನ್ನು ಪೂರ್ತಿ ಖಾಲಿ ಮಾಡಿ. ಎಥಿಲೀನ್ ಗ್ಲೈಕಾಲ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿದರೆ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಬರೀ ನೀರು ಒಂದೇ ರಾತ್ರಿಯಲ್ಲಿ ಸಿಲಿಂಡರ್ ಸೀಳಿಬಿಡುತ್ತದೆ.

ಇಂಜಿನ್ ಆಯಿಲ್ ತೆಳುವಾಗಿರಲಿ. ಕಂಪನಿ ಒಪ್ಪುವ ಗ್ರೇಡುಗಳಲ್ಲಿ ಚಳಿಯಲ್ಲೂ ಸುಲಭವಾಗಿ ಹರಿಯುವ 0ಡಬ್ಲ್ಯು ಅಥವಾ 5ಡಬ್ಲ್ಯು ಇರುವುದನ್ನು ನೋಡಿ. ಬೇಗ ಬೇಗ ಬದಲಾಯಿಸಿ. ಈ ಇಂಜಿನ್ನುಗಳಲ್ಲಿ ಒಂದು ಲೀಟರ್ ಆಸುಪಾಸು ಆಯಿಲ್ ಹಿಡಿಯುತ್ತದೆ, ಅಷ್ಟರಲ್ಲೇ ಪೆಟ್ರೋಲ್, ನೀರು ಎಲ್ಲ ಸೇರುವುದು. ಕಿಲೋಮೀಟರ್ ನೋಡಬೇಡಿ, ಇಂಜಿನ್ ಗಂಟೆ ಮೀಟರ್ ನೋಡಿ. ಬೇಸಿಗೆಯಲ್ಲಿ ಎಷ್ಟು ಗಂಟೆಗೆ ಬದಲಾಯಿಸುತ್ತಿದ್ದಿರೋ ಅದರ ಅರ್ಧಕ್ಕೇ ಇಲ್ಲಿ ಬದಲಾಯಿಸುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ವಾಲ್ವ್ ಕ್ಲಿಯರೆನ್ಸ್ ನೋಡುವುದಕ್ಕೂ ಇದೇ ಲೆಕ್ಕ.

ಇನ್ನು ಉಸಿರು. ಇದರಲ್ಲಿ ಎರಡು ಭಾಗ ಇದೆ. ಒಳಗೆ ಹೋಗುವ ಗಾಳಿ, ಹೊರಗೆ ಬರುವ ಆವಿ. ಎರಡನೆಯದನ್ನು ಯಾರೂ ಗಮನಿಸುವುದಿಲ್ಲ, ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ಇಂಜಿನ್ನಿನಿಂದ ಒಂದು ಬ್ರೀದರ್ ಪೈಪ್ ಹೊರಟು ಕೆಳಗೆ ಇಳಿದಿರುತ್ತದೆ. ಇಂಜಿನ್ನಿನ ಕೆಳಭಾಗದ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸ್ ಒಳಗಿನ ಒತ್ತಡ ಅದರಿಂದ ಹೊರಗೆ ಹೋಗುತ್ತದೆ. ಆ ಆವಿಯಲ್ಲಿ ತೇವ ಇರುತ್ತದೆ. ಪೈಪಿನ ತುದಿ ಹಿಮದಲ್ಲಿ ಹೂತಿದ್ದರೆ ತೇವ ಅಲ್ಲೇ ಹೆಪ್ಪುಗಟ್ಟಿ ಬೆಣೆ ಹೊಡೆದ ಹಾಗೆ ಮುಚ್ಚಿಕೊಳ್ಳುತ್ತದೆ. ಈಗ ಒತ್ತಡಕ್ಕೆ ಹೋಗಲು ಜಾಗ ಇಲ್ಲ. ಅದು ಅತಿ ಬಲಹೀನವಾದ ಜಾಗ ಹುಡುಕುತ್ತದೆ, ಅಂದರೆ ಆಯಿಲ್ ಸೀಲ್. ಸ್ಪ್ರಾಕೆಟ್ ಹಿಂದಿನ ಸೀಲ್ ಹಾರಿ ಆಯಿಲ್ ಪೂರ್ತಿ ಹಿಮದ ಪಾಲಾದ ಬೈಕನ್ನು ನೋಡಿದ್ದೇನೆ. ನಿಲ್ಲಿಸಿದ ಜಾಗದಿಂದ ರಸ್ತೆಗೆ ಅದನ್ನು ಎಳೆದು ತರಲು ಇಡೀ ಗುಂಪು ಬೇಕಾಯಿತು. ಇದಕ್ಕೆ ಪರಿಹಾರ ಐದು ನಿಮಿಷದ ಕೆಲಸ. ಪೈಪನ್ನು ಟ್ಯಾಂಕಿನ ಕೆಳಗೆ, ಇಂಜಿನ್ನಿನ ಬಿಸಿ ತಾಗುವ ಎತ್ತರದ ಜಾಗಕ್ಕೆ ಒಯ್ಯಿರಿ. ಕೆಳಗೇ ಬಿಡಬೇಕಾದರೆ ಮೇಲ್ಭಾಗದಲ್ಲಿ ಬ್ಲೇಡಿನಿಂದ ಒಂದು ಸೀಳು ಹಾಕಿ ಅಥವಾ ಮೂರು ಬಾಯಿಯ ‘ಟೀ’ ಪೈಪ್ ಜೋಡಿಸಿ. ತುದಿ ಹೆಪ್ಪುಗಟ್ಟಿದರೂ ಅಲ್ಲಿಂದ ಉಸಿರು ಹೊರಗೆ ಹೋಗುತ್ತದೆ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ಪೈಪಿಗೂ ಇದೇ ಕಥೆ. ಅದು ಮುಚ್ಚಿಕೊಂಡರೆ ಟ್ಯಾಂಕ್ ಒಳಗೆ ನಿರ್ವಾತ ಆಗಿ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ಇಂಜಿನ್ ಆಫ್ ಆಗುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ, ಮತ್ತೆ ಆಫ್ ಆಗುತ್ತದೆ. ಹೀಗಾದಾಗ ಎಲ್ಲರೂ ಪ್ಲಗ್ ಬಿಚ್ಚಲು ಕೂರುತ್ತಾರೆ. ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಯ್ ಅಂತ ಗಾಳಿ ಒಳಗೆ ಹೋದರೆ ರೋಗ ಸಿಕ್ಕಿತು.

ಒಳಗೆ ಹೋಗುವ ಗಾಳಿಯ ವಿಷಯ. ಮುಂದಿನ ಸ್ಕೀ ಎರಚುವ ಪುಡಿ ಹಿಮ ನೇರ ಏರ್ ಬಾಕ್ಸ್, ಅಂದರೆ ಗಾಳಿ ಫಿಲ್ಟರ್ ಇರುವ ಡಬ್ಬಿಯ ಕಡೆಗೆ ಬರುತ್ತದೆ. ಅದು ಫಿಲ್ಟರಿಗೆ ಅಂಟುತ್ತದೆ, ಇಂಜಿನ್ ಬಿಸಿಗೆ ಸ್ವಲ್ಪ ಕರಗುತ್ತದೆ, ಹೀರುವ ಗಾಳಿಗೆ ಮತ್ತೆ ಹೆಪ್ಪುಗಟ್ಟುತ್ತದೆ. ಫೋಮ್ ಫಿಲ್ಟರ್ ಮೇಲೆ ಮಂಜುಗಡ್ಡೆಯ ಪದರ ಕೂತುಬಿಡುತ್ತದೆ. ಅದರ ಮೇಲೆ ಬೇಸಿಗೆಯ ಅಂಟು ಆಯಿಲ್ ಇದ್ದರಂತೂ ಚಳಿಗೆ ಅದು ಇನ್ನೂ ಬಿಗಿಯುತ್ತದೆ. ಹಾಗಾಗಿ ಹಿಮದಲ್ಲಿ ಧೂಳು ಹಿಡಿಯುವ ಆ ದಪ್ಪ ಆಯಿಲ್ ಬೇಕಿಲ್ಲ. ಒಣ ಫಿಲ್ಟರ್ ಇಟ್ಟು, ಏರ್ ಬಾಕ್ಸಿನ ತೆರೆದ ಕಡೆಗಳಿಗೆಲ್ಲ ಸಣ್ಣ ಕಣ್ಣಿನ, ನೀರು ಹೀರದ ಬಲೆಯನ್ನು ಕಟ್ಟಿ. ಹಿಮ ಆ ಬಲೆಯ ಮೇಲೆ ನಿಂತು ಬೈಕಿನ ಅದುರಾಟಕ್ಕೆ ಉದುರಿ ಹೋಗಬೇಕು. ಬಲೆಯ ವಿಸ್ತಾರ ಆದಷ್ಟು ದೊಡ್ಡದಿರಲಿ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆಯಿಂದ ಗಾಳಿ ಬರುತ್ತದೆ. ಇನ್ನೊಂದು ಫಿಲ್ಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಳ್ಳಿ.

ಕಾರ್ಬ್ಯುರೇಟರ್ ಇರುವ ಹಳೆಯ ಬೈಕ್ ಆದರೆ ಒಂದು ಎಚ್ಚರಿಕೆ ಹೇಳಲೇಬೇಕು. ಒಳಗೆ ಸೇರಿದ ತೇವ ಹೆಪ್ಪುಗಟ್ಟಿ, ಥ್ರಾಟಲ್ ಜೊತೆ ಮೇಲೆ ಕೆಳಗೆ ಹೋಗುವ ಸ್ಲೈಡ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳಬಹುದು. ಅಂದರೆ ನೀವು ಥ್ರಾಟಲ್ ಬಿಟ್ಟರೂ ಇಂಜಿನ್ ಬಿಡುವುದಿಲ್ಲ. ಮರಗಳ ನಡುವೆ ಹೀಗಾದರೆ ಏನಾಗುತ್ತದೆ ಅಂತ ಊಹಿಸಿ. ಕೈಗೆ ಅಥವಾ ಜಾಕೆಟ್ಟಿಗೆ ದಾರದಿಂದ ಕಟ್ಟುವ ಕಿಲ್ ಸ್ವಿಚ್ ಬರುತ್ತದೆ, ನೀವು ಬಿದ್ದರೆ ದಾರ ಎಳೆದು ಇಂಜಿನ್ ನಿಲ್ಲುತ್ತದೆ. ಕಾರ್ಬ್ಯುರೇಟರ್ ಇದ್ದರೂ ಇಂಜೆಕ್ಷನ್ ಇದ್ದರೂ ಇದನ್ನು ಹಾಕಿಸಿ.

ಎತ್ತರ ಮತ್ತು ಚಳಿಯ ಲೆಕ್ಕ ನನಗೆ ಬಹಳ ಇಷ್ಟದ್ದು, ಸ್ವಲ್ಪ ಹೇಳುತ್ತೇನೆ. ಟರ್ಬೊ ಇಲ್ಲದ ಇಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಹತ್ತಿರ ಹತ್ತಿರ ಶೇ. 3ರಷ್ಟು ಪವರ್ ಕಳೆದುಕೊಳ್ಳುತ್ತದೆ. 3000 ಮೀಟರಿನಲ್ಲಿ ಕಾಲು ಭಾಗ ಹೋಯಿತು. 450ರ ಬೈಕ್ ಅಲ್ಲಿ ಸುಮಾರು 330ರ ಬೈಕಿನಷ್ಟೇ ಎಳೆಯುತ್ತದೆ ಅನ್ನಿ. ಚಳಿ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಮೈನಸ್ 20 ಡಿಗ್ರಿಯ ಗಾಳಿ 20 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 16ರಷ್ಟು ಸಾಂದ್ರ. ಇಂಜೆಕ್ಷನ್ ಇರುವ ಬೈಕ್ ಇವೆರಡನ್ನೂ ಸೆನ್ಸರಿನಿಂದ ಅಳೆದು ಬಹುಮಟ್ಟಿಗೆ ಸರಿದೂಗಿಸಿಕೊಳ್ಳುತ್ತದೆ. ಕಾರ್ಬ್ಯುರೇಟರಿನಲ್ಲಿ ಚಳಿಗೆ ದೊಡ್ಡ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತು) ಬೇಕು, ಎತ್ತರಕ್ಕೆ ಚಿಕ್ಕ ಜೆಟ್ ಬೇಕು. ಬುಡದಲ್ಲಿ ಸರಿಮಾಡಿಕೊಂಡದ್ದು ತುದಿಯಲ್ಲಿ ತಪ್ಪುತ್ತದೆ. ಅನುಮಾನ ಬಂದರೆ ಜೆಟ್ ಸ್ವಲ್ಪ ದೊಡ್ಡದೇ ಇರಲಿ. ಪೆಟ್ರೋಲ್ ಜಾಸ್ತಿಯಾದರೆ ಪ್ಲಗ್ ಕಪ್ಪಾಗುತ್ತದೆ ಅಷ್ಟೇ, ಕಡಿಮೆಯಾದರೆ ಪಿಸ್ಟನ್ ಹೋಗುತ್ತದೆ.

ಪೆಟ್ರೋಲ್ ಖರ್ಚು ಮಣ್ಣಿನಲ್ಲಿ ಓಡಿಸಿದ್ದಕ್ಕಿಂತ ತುಂಬಾ ಜಾಸ್ತಿ. ಮೋಟೊಕ್ರಾಸ್ ಬೈಕಿನ ಟ್ಯಾಂಕ್ ಹಿಡಿಯುವುದು 6-7 ಲೀಟರ್. ಪುಡಿ ಹಿಮದಲ್ಲಿ ಅದು ಅರ್ಧ ದಿನಕ್ಕೂ ಸಾಲದು. ಟ್ರ್ಯಾಕಿನ ಮೇಲಿರುವ ಹೊದಿಕೆಯ (ಟನೆಲ್) ಮೇಲೆ ಕೂರಿಸುವ ಹೆಚ್ಚುವರಿ ಟ್ಯಾಂಕ್ ಸಿಗುತ್ತದೆ. ತೂಕ ಹಿಂದಕ್ಕೆ ಬೀಳುತ್ತದೆ ಅನ್ನುವುದು ನೆನಪಿರಲಿ, ಮೊದಲು ಅದನ್ನೇ ಖಾಲಿ ಮಾಡಿ.

ಗೇರಿಂಗ್ ಬಗ್ಗೆ. ಸ್ನೋಮೊಬೈಲಿನಲ್ಲಿ ಬೆಲ್ಟ್ ಇರುವುದರಿಂದ ಗೇರ್ ತನ್ನಷ್ಟಕ್ಕೆ ಬದಲಾಗುತ್ತದೆ. ಇಲ್ಲಿ ಕ್ಲಚ್, ಗೇರ್ ನಿಮ್ಮದೇ. ಆಳವಾದ ಹಿಮದಲ್ಲಿ ಹತ್ತುವಾಗ ಕ್ಲಚ್ ಹಿಡಿದ ಆ ಒಂದು ಕ್ಷಣದಲ್ಲೇ ಗಾಡಿ ನಿಂತುಬಿಡುತ್ತದೆ. ಹಿಮದ ಎಳೆತ ಅಷ್ಟಿರುತ್ತದೆ. ಯಾವ ಗೇರಿನಲ್ಲಿ ಹತ್ತಬೇಕು ಅನ್ನುವುದನ್ನು ಬುಡದಲ್ಲೇ ತೀರ್ಮಾನ ಮಾಡಬೇಕು. ಮೂರನೇ ಗೇರಿನಲ್ಲಿ ಎಳೆಯುತ್ತಿಲ್ಲ, ಎರಡನೆಯದರಲ್ಲಿ ಕಿರುಚುತ್ತಿದೆ ಅಂದರೆ ಸ್ಪ್ರಾಕೆಟ್ ಬದಲಾಯಿಸಿ. ಇಂಜಿನ್ ಕಡೆಯ ಸ್ಪ್ರಾಕೆಟ್ 14 ಹಲ್ಲಿನಿಂದ 13ಕ್ಕೆ ಇಳಿಸಿದರೆ ಗೇರಿಂಗ್ ಸುಮಾರು ಶೇ. 7ರಷ್ಟು ಕೆಳಗಿಳಿಯುತ್ತದೆ. ತಾನಾಗಿಯೇ ಬಿಟ್ಟು ಹಿಡಿಯುವ ಆಟೊ ಕ್ಲಚ್ ಹಾಕಿಸುವವರೂ ಇದ್ದಾರೆ. ಮರಗಳ ನಡುವೆ ನಿಧಾನ ಓಡಿಸುವಾಗ ಇಂಜಿನ್ ಆಫ್ ಆಗದಿರುವುದು ದೊಡ್ಡ ನೆಮ್ಮದಿ.

ಟ್ರ್ಯಾಕಿನ ಉದ್ದಕ್ಕೆ ಬರೋಣ. ಇದನ್ನು ಇಂಚಿನಲ್ಲಿ, ಟ್ರ್ಯಾಕಿನ ಇಡೀ ಸುತ್ತಳತೆಯಾಗಿ ಹೇಳುತ್ತಾರೆ. 120, 129, 137 ಅಂತ ನೀವು ಕೇಳಿರಬಹುದು. ಚಿಕ್ಕದು ಚುರುಕು, ಹಾರಿಸಲು ತಿರುಗಿಸಲು ಚೆಂದ. ಉದ್ದದ್ದು ಹಿಮದ ಮೇಲೆ ತೇಲುತ್ತದೆ, ಬೆಟ್ಟ ಹತ್ತುತ್ತದೆ, ಇಂಜಿನ್ನಿನ ಶಕ್ತಿಯನ್ನೂ ಜಾಸ್ತಿ ತಿನ್ನುತ್ತದೆ. ಹಿಮವನ್ನು ತಳ್ಳುವ ಟ್ರ್ಯಾಕಿನ ಹಲ್ಲುಗಳ, ಅಂದರೆ ಪ್ಯಾಡಲ್‌ಗಳ, ಎತ್ತರ ಎರಡೂವರೆ ಅಥವಾ ಮೂರು ಇಂಚು. 250ರ ಬೈಕಿಗೆ ಅತಿ ಉದ್ದದ ಟ್ರ್ಯಾಕ್ ಹಾಕಿದರೆ ಅದನ್ನು ತಿರುಗಿಸುವುದರಲ್ಲೇ ಬೈಕ್ ಸುಸ್ತಾಗುತ್ತದೆ.

ಕಿಟ್ ಕೂರಿಸಿದ ಮೇಲೆ ಕೋನಗಳನ್ನು ಹೊಂದಿಸಬೇಕು. ಸಮತಟ್ಟಾದ ನೆಲದ ಮೇಲೆ, ನೀವು ಪೂರ್ತಿ ಬಟ್ಟೆ ಹಾಕಿಕೊಂಡು, ಬ್ಯಾಗ್ ಬೆನ್ನಿಗೇರಿಸಿ, ಬೈಕಿನ ಮೇಲೆ ನಿಂತಿರುವಾಗ ಇನ್ನೊಬ್ಬರು ಪಕ್ಕದಿಂದ ನೋಡಬೇಕು. ಸ್ಟ್ರಟ್ ಹೊಂದಿಸಿ ಹಿಂಭಾಗ ಎತ್ತರ ಮಾಡಿದರೆ ಫೋರ್ಕ್ ನೆಟ್ಟಗಾಗುತ್ತದೆ, ಸ್ಕೀ ಮೇಲೆ ಭಾರ ಬೀಳುತ್ತದೆ. ಆಗ ಬೈಕ್ ಬೇಗ ತಿರುಗುತ್ತದೆ, ಆದರೆ ಗಟ್ಟಿ ಹಿಮದಲ್ಲಿ ಹ್ಯಾಂಡಲ್ ಅತ್ತಿತ್ತ ಎಳೆಯುತ್ತದೆ. ಹಿಂಭಾಗ ತಗ್ಗಿಸಿದರೆ ನೇರ ಹೋಗುತ್ತದೆ, ತಿರುವಿನಲ್ಲಿ ಮುಂಭಾಗ ಮಾತು ಕೇಳುವುದಿಲ್ಲ. ಫೋರ್ಕನ್ನು ಕ್ಲ್ಯಾಂಪಿನಲ್ಲಿ ಕೆಲವು ಮಿಲಿಮೀಟರ್ ಮೇಲೆ ಕೆಳಗೆ ಮಾಡುವುದರಿಂದಲೂ ಇದೇ ಪರಿಣಾಮ ಸಿಗುತ್ತದೆ.

ಟ್ರ್ಯಾಕ್ ಚೌಕಟ್ಟಿನ ಮುಂಭಾಗದಲ್ಲಿ ಲಿಮಿಟರ್ ಸ್ಟ್ರ್ಯಾಪ್ ಅಂತ ಒಂದು ಪಟ್ಟಿ ಇರುತ್ತದೆ. ನೋಡಲು ಏನೂ ಅಲ್ಲ, ಕೆಲಸ ಮಾತ್ರ ದೊಡ್ಡದು. ಅದನ್ನು ಒಂದು ತೂತು ಬಿಗಿ ಮಾಡಿದರೆ ಹತ್ತುವಾಗ ಸ್ಕೀ ಕೆಳಗೇ ಇರುತ್ತದೆ. ಒಂದು ತೂತು ಸಡಿಲ ಬಿಟ್ಟರೆ ಭಾರ ಹಿಂದಕ್ಕೆ ಹೋಗಿ ಮುಂಭಾಗ ಮೇಲೇಳುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಓಡಿಸಿ ನೋಡಿ, ಬರೆದಿಟ್ಟುಕೊಳ್ಳಿ. ಮೂರನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಚಳಿಗೆ ಫೋರ್ಕ್ ಆಯಿಲ್ ಮಂದವಾಗಿ ಫೋರ್ಕ್ ನಿಧಾನಕ್ಕೆ ಮೇಲೇಳುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಚ್ಚಗಿನ ಗ್ಯಾರೇಜಿನಲ್ಲಿ ಹೊಂದಿಸಿದ ರಿಬೌಂಡ್ (ಫೋರ್ಕ್ ಮೇಲೇಳುವ ವೇಗ) ಬೆಟ್ಟದ ಮೇಲೆ ಬೇರೆಯೇ ಆಗಿರುತ್ತದೆ.

ಬ್ರೇಕ್ ಬಗ್ಗೆ ಚುಟುಕಾಗಿ. ಮುಂದೆ ಚಕ್ರವೇ ಇಲ್ಲ, ಹಾಗಾಗಿ ಮುಂದಿನ ಬ್ರೇಕ್ ಇಲ್ಲ. ಕ್ಯಾಲಿಪರನ್ನು ಹಾಗೇ ಬಿಟ್ಟರೆ ಪ್ಯಾಡ್‌ಗಳ ನಡುವೆ ಒಂದು ಸ್ಪೇಸರ್ ಇಡಿ. ಅಭ್ಯಾಸಬಲದಿಂದ ಲಿವರ್ ಒತ್ತಿದರೆ ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಹಿಂದಿನ ಬ್ರೇಕ್ ಕಿಟ್ ಒಳಗಿನ ಡಿಸ್ಕ್ ಮೇಲೆ ಕೆಲಸ ಮಾಡುತ್ತದೆ. ಹೋಸ್ ಟ್ರ್ಯಾಕಿಗಾಗಲಿ, ಬಿಸಿ ಸೈಲೆನ್ಸರ್ ಪೈಪಿಗಾಗಲಿ ತಾಗದ ಹಾಗೆ ಕಟ್ಟಿ, ಗಾಳಿ ಪೂರ್ತಿ ತೆಗೆಯಿರಿ. ಆ ಪೈಪಿನ ಬಿಸಿಗೆ ಕರಗಿದ ನೀರು ಬ್ರೇಕ್ ಪೆಡಲ್ ಮೇಲೂ ಕಾಲಿಡುವ ಪೆಗ್ ಮೇಲೂ ಹೆಪ್ಪುಗಟ್ಟುತ್ತದೆ. ದೊಡ್ಡ ತೂತುಗಳ, ಅಗಲವಾದ ಪೆಗ್ ಹಾಕಿ. ದಪ್ಪ ಬೂಟಿಗೆ ತಕ್ಕಂತೆ ಗೇರ್ ಲಿವರ್ ಸ್ವಲ್ಪ ಮೇಲೆತ್ತಿ.

ಟ್ರ್ಯಾಕ್ ಒಳಗೆ ಉಜ್ಜುವ ಪ್ಲಾಸ್ಟಿಕ್ ಪಟ್ಟಿಗಳಿಗೆ ಹಿಮವೇ ಲೂಬ್ರಿಕೇಷನ್. ಬೆಟ್ಟದವರೆಗಿನ ದಾರಿ ಗಟ್ಟಿ ಐಸ್ ಆಗಿದ್ದರೆ ಹಿಮ ಎದ್ದು ಬರುವುದಿಲ್ಲ, ಪಟ್ಟಿ ಕಾದು ಕರಗಲು ಶುರುವಾಗುತ್ತದೆ. ಐಸನ್ನು ಕೆರೆದು ಪುಡಿ ಎಬ್ಬಿಸುವ ಸ್ಕ್ರ್ಯಾಚರ್ ಹಾಕಿಸಿ, ಅಥವಾ ಆಗಾಗ ದಾರಿಯ ಅಂಚಿನ ಮೆತ್ತನೆ ಹಿಮಕ್ಕೆ ಇಳಿದು ಓಡಿಸಿ. ಊಟಕ್ಕೋ ವಿಶ್ರಾಂತಿಗೋ ನಿಲ್ಲಿಸುವ ಮುಂಚೆ ಗಾಡಿಯನ್ನು ಒಂದು ಕಡೆ ವಾಲಿಸಿ ಟ್ರ್ಯಾಕನ್ನು ಗಾಳಿಯಲ್ಲಿ ತಿರುಗಿಸಿ. ಒಳಗಿನ ಒದ್ದೆ ಹಿಮ ಉದುರುತ್ತದೆ. ಹಾಗೇ ಬಿಟ್ಟರೆ ಹೊರಡುವ ಹೊತ್ತಿಗೆ ಟ್ರ್ಯಾಕ್ ಅಲ್ಲಾಡುವುದಿಲ್ಲ. ದಿನ ಮುಗಿದ ಮೇಲೆ ಬೇರಿಂಗ್‌ಗಳಿಗೆ ಗ್ರೀಸ್ ಹೊಡೆಯಿರಿ, ಚೈನ್ ಮತ್ತು ಟ್ರ್ಯಾಕಿನ ಬಿಗಿ ನೋಡಿ, ಸ್ವಿಂಗ್‌ಆರ್ಮ್ ಬೋಲ್ಟಿಗೆ ಟಾರ್ಕ್ ವ್ರೆಂಚ್ ಹಾಕಿ. ಇಡೀ ಕಿಟ್ ನೇತಾಡುತ್ತಿರುವುದು ಆ ಬೋಲ್ಟಿನ ಮೇಲೆ.

ಓಡಿಸುವಾಗ ಹೂತುಹೋಗುವುದು ಸಾಮಾನ್ಯ. ಹೂತ ತಕ್ಷಣ ಥ್ರಾಟಲ್ ಕೊಡುತ್ತಾ ಇದ್ದರೆ ಟ್ರ್ಯಾಕ್ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ನಿಲ್ಲಿಸಿ. ಬೈಕನ್ನು ಪಕ್ಕಕ್ಕೆ ಮಲಗಿಸಿ, ಮುಂಭಾಗವನ್ನು ಇಳಿಜಾರಿನ ಕಡೆ ಎಳೆಯಿರಿ, ಹಿಮ ತುಳಿದು ಗಟ್ಟಿ ಮಾಡಿ, ಎತ್ತಿ ಹೊರಡಿ. ನಿಲ್ಲಿಸುವುದಾದರೆ ಯಾವಾಗಲೂ ಮೂತಿ ಕೆಳಮುಖವಾಗಿ ನಿಲ್ಲಿಸಿ. ದೊಡ್ಡ ಮರಗಳ ಬುಡಕ್ಕೆ ತೀರಾ ಹತ್ತಿರ ಹೋಗಬೇಡಿ. ಕೊಂಬೆಗಳ ಕೆಳಗೆ ಹಿಮ ಸಡಿಲವಾಗಿ ಆಳದ ಗುಂಡಿ ಇರುತ್ತದೆ. ಅದರೊಳಗೆ ತಲೆಕೆಳಗಾಗಿ ಬಿದ್ದರೆ ಒಬ್ಬರೇ ಎದ್ದು ಬರುವುದು ಬಹಳ ಕಷ್ಟ.

ಕೊನೆಗೆ ಹಿಮಕುಸಿತದ ವಿಷಯ. ಹೆಚ್ಚಿನ ಹಿಮಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ. ನಮಗೆ ಹತ್ತಲು ಮಜಾ ಕೊಡುವುದೂ ಅದೇ ಇಳಿಜಾರುಗಳು. ಸ್ನೋ ಬೈಕ್ ಹೊಸಬರನ್ನೂ ಮೊದಲ ಚಳಿಗಾಲದಲ್ಲೇ ಅಂಥ ಜಾಗಕ್ಕೆ ಕರೆದುಕೊಂಡು ಹೋಗುತ್ತದೆ. ಕೈ ಪಳಗುವಷ್ಟು ಬೇಗ ಹಿಮವನ್ನು ಓದುವುದು ಬರುವುದಿಲ್ಲ. ಆದ್ದರಿಂದ ಹೊರಡುವ ಬೆಳಿಗ್ಗೆ ಆ ಪ್ರದೇಶದ ಹಿಮಕುಸಿತದ ಮುನ್ಸೂಚನೆ ಓದಿ, ಹಿಮಕುಸಿತದ ತರಬೇತಿಯನ್ನು ಕಿಟ್ಟಿನ ಖರ್ಚಿನಲ್ಲೇ ಸೇರಿಸಿಕೊಳ್ಳಿ.

ಪ್ರತಿಯೊಬ್ಬರ ಬಳಿ ಬೀಕನ್ (ಹೂತವರನ್ನು ಹುಡುಕಲು ಸಿಗ್ನಲ್ ಕಳಿಸುವ, ಹಿಡಿಯುವ ಯಂತ್ರ), ಪ್ರೋಬ್ (ಹಿಮದೊಳಗೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಮೂರೂ ಇರಬೇಕು. ಗುಂಪಿಗೊಂದು ಇದ್ದರೆ ಆಗದು. ಬೀಕನ್ನನ್ನು ಮೈಗೆ ಕಟ್ಟಿಕೊಳ್ಳಿ, ಸಲಿಕೆ ಮತ್ತು ಪ್ರೋಬ್ ಬೆನ್ನಿನ ಬ್ಯಾಗಿನಲ್ಲಿರಲಿ. ಬೈಕಿಗೆ ಕಟ್ಟಿದರೆ ಬೈಕಿನ ಜೊತೆ ಅವೂ ಹೂತುಹೋಗುತ್ತವೆ. ಪೂರ್ತಿ ಹೂತವರನ್ನು ಮೊದಲ 10-15 ನಿಮಿಷದೊಳಗೆ ಹೊರಗೆ ತೆಗೆದರೆ ಬದುಕುವವರೇ ಹೆಚ್ಚು. ಅರ್ಧ ಗಂಟೆ ದಾಟಿದರೆ ಬದುಕುವವರು ಕಡಿಮೆ. ಅಂದರೆ ಹೊರಗಿನ ಸಹಾಯ ಬರುವಷ್ಟು ಹೊತ್ತು ಇರುವುದಿಲ್ಲ, ಅಲ್ಲಿರುವ ನಿಮ್ಮ ಗೆಳೆಯರೇ ತೋಡಬೇಕು. ಕಡಿದಾದ ಇಳಿಜಾರಿನ ಮೇಲೆ ಒಂದು ಸಲಕ್ಕೆ ಒಬ್ಬರೇ ಹೋಗಬೇಕು, ಉಳಿದವರು ಕುಸಿತ ತಲುಪದ ಜಾಗದಲ್ಲಿ ನಿಂತು ನೋಡುತ್ತಿರಬೇಕು. ಮೇಲೆ ಒಬ್ಬರು ಹೂತು ನಿಂತರೆ ಸಹಾಯಕ್ಕೆ ಅಂತ ಇನ್ನೊಬ್ಬರು ಗಾಡಿ ಹತ್ತಿಸಬಾರದು.

ನಮ್ಮ ಗಾಡಿಗಳಿಗೆ ಸಂಬಂಧಪಟ್ಟ ಒಂದು ವಿಷಯ ಇದರಲ್ಲಿದೆ. ಬೀಕನ್‌ಗಳು 457 ಕಿಲೋಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತವೆ. ಫೋನ್, ಕ್ಯಾಮೆರಾ, ಬಿಸಿ ಮಾಡುವ ಗ್ಲೌಸ್, ಇಗ್ನಿಷನ್ ಇವೆಲ್ಲ ಆ ಸಿಗ್ನಲ್ಲನ್ನು ಕೆಡಿಸಬಹುದು. ಬೀಕನ್ ಕಳಿಸುವ ಸ್ಥಿತಿಯಲ್ಲಿದ್ದಾಗ ಎಲೆಕ್ಟ್ರಾನಿಕ್ ಸಾಮಾನುಗಳನ್ನು ಅದರಿಂದ ಕನಿಷ್ಠ 20 ಸೆಂಟಿಮೀಟರ್ ದೂರ ಇಡಿ, ಹುಡುಕುವಾಗ 50 ಸೆಂಟಿಮೀಟರ್. ಹುಡುಕಾಟ ಶುರುವಾದರೆ ಹತ್ತಿರದ ಇಂಜಿನ್ನುಗಳನ್ನೆಲ್ಲ ಆಫ್ ಮಾಡಿ. ಬೆಳಿಗ್ಗೆ ಹೊರಡುವ ಮೊದಲು ಒಬ್ಬರು ಬೀಕನ್ನನ್ನು ಹುಡುಕುವ ಸ್ಥಿತಿಯಲ್ಲಿಟ್ಟು ನಿಲ್ಲಲಿ, ಉಳಿದವರು ಒಬ್ಬೊಬ್ಬರಾಗಿ ಅವರ ಮುಂದೆ ದಾಟಿ ಹೋಗಲಿ. ಯಾರ ಬೀಕನ್ ಸಿಗ್ನಲ್ ಕೊಡುವುದಿಲ್ಲವೋ ಅವರ ಬ್ಯಾಟರಿ ಬದಲಾಯಿಸಿ, ಇನ್ನೊಮ್ಮೆ ನೋಡಿ, ಆಮೇಲೆ ಗಾಡಿ ಸ್ಟಾರ್ಟ್ ಮಾಡಿ.